ಮಕ್ಕಳ ಕ್ಯಾನ್ಸರ್: ವಾಸಿಯಾಗುವ ಕಾಯಿಲೆ, ಎರಡಾಗುವ ಮನೆ

ಮಕ್ಕಳಿಗೂ ಕ್ಯಾನ್ಸರ್ ಬರುತ್ತಾ ಎಂದು ಕೇಳುವವರು ಹುಬ್ಬಳ್ಳಿಯಲ್ಲೂ ಇದ್ದಾರೆ, ಹಾನಗಲ್ಲಿನ ಹಳ್ಳಿಗಳಲ್ಲೂ ಇದ್ದಾರೆ. ಕ್ಯಾನ್ಸರ್ ಅಂದರೆ ನಮಗೆ ನೆನಪಾಗುವುದು ಬೀಡಿ, ಗುಟ್ಕಾ. ಹಾಗಾದರೆ ಏನೂ ಅರಿಯದ ಕೂಸಿಗೆ ಯಾಕೆ ಬಂತು? ಆಗ ಎಲ್ಲರೂ ನೋಡುವುದು ಅವ್ವನ ಕಡೆ. ಬಸುರಿ ಇದ್ದಾಗ ಏನು ತಿಂದಳು, ಗ್ರಹಣದಲ್ಲಿ ಹೊರಗೆ ಬಂದಿದ್ದಳಾ? ಇದ್ಯಾವುದೂ ಕಾರಣ ಅಲ್ಲ. ಸ್ವಲ್ಪ ಮಕ್ಕಳಿಗೆ ವಂಶದಿಂದ ಬರುತ್ತದೆ. ಉಳಿದವರಲ್ಲಿ ಇಂಥದ್ದೇ ಕಾರಣ ಎಂದು ವೈದ್ಯರಿಗೂ ಹೇಳಲಾಗುವುದಿಲ್ಲ.

ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಬ್ಲಡ್ ಕ್ಯಾನ್ಸರ್ ಬಂದ ಮಗು ಕೆಲವೇ ತಿಂಗಳಲ್ಲಿ ತೀರಿಕೊಳ್ಳುತ್ತಿತ್ತು. 1948ರಲ್ಲಿ ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್, ಅಮಿನೊಪ್ಟೆರಿನ್ ಕೊಟ್ಟ ಕೆಲವು ಮಕ್ಕಳಲ್ಲಿ ಕಾಯಿಲೆ ಸ್ವಲ್ಪ ಕಾಲ ಹಿಂದೆ ಸರಿದದ್ದನ್ನು ತೋರಿಸಿದರು. ಆ ಔಷಧಿ ತಯಾರಾದದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬಾರಾವ್ ಅವರ ತಂಡದಿಂದ. 1960ರ ದಶಕದಲ್ಲಿ ಹಲವು ಔಷಧಿಗಳನ್ನು ಸೇರಿಸಿ ಕೊಡಲು ಶುರುಮಾಡಿದ ಮೇಲೆ ಮಕ್ಕಳು ಪೂರ್ತಿ ಗುಣವಾಗತೊಡಗಿದರು. ಈಗ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕೂ ಜಾಸ್ತಿ ಉಳಿಯುತ್ತಾರೆ. ಅನೇಕ ಬಡ ದೇಶಗಳಲ್ಲಿ ಶೇ. 30 ಕೂಡ ಇಲ್ಲ. 2030ರೊಳಗೆ ಎಲ್ಲೆಡೆ ಕನಿಷ್ಠ ಶೇ. 60 ಮಕ್ಕಳಾದರೂ ಉಳಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿತು.

ನಮ್ಮ ಭಾಗದವರಿಗೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ದೊಡ್ಡ ಚಿಕಿತ್ಸೆ ಅಂದರೆ ಬೆಂಗಳೂರಿನ ಕಿದ್ವಾಯಿ, ಇಲ್ಲವೇ ಮುಂಬೈನ ಟಾಟಾ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಖೋಲಿ ಬಾಡಿಗೆ, ಊಟ, ತಪ್ಪಿದ ಕೂಲಿಯನ್ನು ಯಾವ ಕಾರ್ಡೂ ತುಂಬಿಕೊಡುವುದಿಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬ್ಲಡ್ ಕ್ಯಾನ್ಸರಿನ ಚಿಕಿತ್ಸೆ ಎರಡು-ಮೂರು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಮನೆ ಎರಡಾಗಿರುತ್ತದೆ. ಅವ್ವ ಮಗುವಿನ ಜೊತೆ ಆಸ್ಪತ್ರೆ ಹತ್ತಿರದ ಖೋಲಿಯಲ್ಲಿ, ಅಪ್ಪ ಊರಲ್ಲಿ ಸಾಲಕ್ಕೆ ಓಡಾಡುತ್ತಾ. ಮೊದಲು ಬಂಗಾರ ಅಡವಿಗೆ ಹೋಗುತ್ತದೆ, ಆಮೇಲೆ ಎಮ್ಮೆ, ಕೊನೆಗೆ ಹೊಲ. ಹಿರಿಮಗಳು ಶಾಲೆ ಬಿಟ್ಟು ರೊಟ್ಟಿ ಬಡಿಯಲು ಕೂರುತ್ತಾಳೆ. ಅಜ್ಜಿ ಹತ್ತಿರ ಉಳಿದ ಸಣ್ಣವನು ಫೋನಿನಲ್ಲಿ "ಅವ್ವಾ, ಯಾವಾಗ ಬರ್ತಿ?" ಅಂತ ಒಂದೇ ಕೇಳುತ್ತಾನೆ. ಕಾಯಿಲೆ ಇರುವ ಮಗುವಿನ ಮೇಲೆ ಎಲ್ಲರ ಕಣ್ಣು. ಈ ಮಕ್ಕಳನ್ನು ಕೇಳುವವರು ಕಡಿಮೆ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ.

ಇಷ್ಟೆಲ್ಲ ಕಷ್ಟಕ್ಕೆ ತಡವೂ ಸೇರಿದರೆ ಹೇಗೆ? ವಾರಗಟ್ಟಲೆ ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟಾಗದೆ ಮೂಡುವ ನೀಲಿ ಕಲೆ, ರಾತ್ರಿ ಎಬ್ಬಿಸುವ ಎಲುಬಿನ ನೋವು, ಹೊಟ್ಟೆಯಲ್ಲೋ ಕುತ್ತಿಗೆಯಲ್ಲೋ ಗಡ್ಡೆ, ಬೆಳಿಗ್ಗೆ ಎದ್ದೊಡನೆ ತಲೆನೋವು, ವಾಂತಿ ಕ್ಯಾನ್ಸರಿನ ಲಕ್ಷಣ ಇರಬಹುದು. ಫೋಟೋದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೂ ತೋರಿಸಬೇಕು. ಇವೆಲ್ಲ ಬಹಳ ಸಲ ಬೇರೆ ಸಣ್ಣ ಕಾಯಿಲೆಗೇ ಬರುತ್ತವೆ, ನಿಜ. ಆದರೂ ತಾಯತ ಕಟ್ಟಿ ತಿಂಗಳು ಕಾಯುವ ಬದಲು ಮಕ್ಕಳ ಡಾಕ್ಟರ ಹತ್ತಿರ ಹೋಗಿ ಅವರು ಹೇಳಿದ ಪರೀಕ್ಷೆ ಮಾಡಿಸಬಹುದು, ಅಲ್ವಾ?

ಇನ್ನೊಂದು ಅಪಾಯ ಅರ್ಧ ದಾರಿಯದ್ದು. ಜೋರಾದ ಕೀಮೋ, ಅಂದರೆ ಕ್ಯಾನ್ಸರ್ ಕೊಲ್ಲುವ ಔಷಧಿಯ ಹಂತ ಮುಗಿದು ಕೂದಲು ಬಂದಿರುತ್ತದೆ, ಮಗು ಆಡುತ್ತಿರುತ್ತದೆ. ಹುಷಾರಾಯ್ತು ಎಂದು ಮನೆಯವರು ಗುಳಿಗೆ ನಿಲ್ಲಿಸುತ್ತಾರೆ. ಅಡಗಿರುವ ಕಾಯಿಲೆ ಮರಳದಿರಲೆಂದೇ ಆ ಗುಳಿಗೆ ಇರುವುದು. ಡಾಕ್ಟರ್ ಹೇಳುವವರೆಗೂ ಬಿಡಬಾರದು.

ಗುಳಿಗೆ ನಡೆಯುತ್ತಿರುವಾಗಲೇ ಡಾಕ್ಟರ್ ಒಪ್ಪಿದರೆ ಮಗು ಶಾಲೆಗೂ ಹೋಗಬಹುದು. ಕ್ಯಾನ್ಸರ್ ಅಂಟುರೋಗ ಅಲ್ಲ, ಬೇರೆ ಬೆಂಚು ಬೇಕಿಲ್ಲ. ಔಷಧಿಯಿಂದ ರೋಗ ತಡೆಯುವ ಶಕ್ತಿ ಕುಗ್ಗಿರುವುದರಿಂದ ಅಪಾಯ ಇರುವುದು ಆ ಮಗುವಿಗೇ. ತರಗತಿಯಲ್ಲಿ ಯಾರಿಗಾದರೂ ಅಮ್ಮ, ಅಂದರೆ ಚಿಕನ್‌ಪಾಕ್ಸ್ ಬಂದರೆ ಟೀಚರ್ ಅವತ್ತೇ ಕ್ಯಾನ್ಸರ್ ಇರುವ ಮಗುವಿನ ಮನೆಗೆ ಫೋನ್ ಮಾಡಬೇಕು.