ಮೂರು ತಿಂಗಳು ಅಂತ ನಿಮ್ಮನ್ನು ಕೇಳಿದ್ದು ಯಾರು?

ಸಾಲದಲ್ಲಿ ಸಿಕ್ಕಿಕೊಂಡವರ ಜೊತೆ ಕೂತು ಲೆಕ್ಕ ಬಿಡಿಸುವುದು ನನ್ನ ಕೆಲಸ. ಕರೆಂಟ್ ಬಿಲ್ ಬಾಕಿ ಇದೆ ಅಂತ ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಕೆಲಸ ಹೋಗುತ್ತದೆ, ಮನೆಯಲ್ಲಿ ಯಾರೋ ಹಾಸಿಗೆ ಹಿಡಿಯುತ್ತಾರೆ, ಬಾಕಿ ಬೀಳುತ್ತದೆ. ನನಗೆ ತಡೆಯಲಾಗದ್ದು ಒಂದೇ: ಕೌಂಟರಿನಲ್ಲಿ ನಿಂತು ಇವರು ಕೊಟ್ಟುಬರುವ ಮಾತು.

ನಿವೃತ್ತ ಚಾಲಕರೊಬ್ಬರು ಬಂದಿದ್ದರು. ಬಾಕಿಯನ್ನು 3 ಕಂತಿನಲ್ಲಿ ತೀರಿಸುತ್ತೇನೆ ಅಂತ ಬರೆದುಕೊಟ್ಟಿದ್ದರು. ಮೊದಲ ಕಂತಿಗೆ ತಮ್ಮನ ಹತ್ತಿರ ಸಾಲ ಮಾಡಿದರು. ಎರಡನೆಯದು ತಪ್ಪಿತು. ಕಂತಿನ ಒಪ್ಪಂದ ಬಿತ್ತು, ಪೂರ್ತಿ ಹಣ ಒಟ್ಟಿಗೆ ಕಟ್ಟಿ ಅಂತ ನೋಟಿಸ್ ಬಂತು.

“3 ತಿಂಗಳು ಅಂತ ನಿಮ್ಮನ್ನು ಕೇಳಿದ್ದು ಯಾರು?”

“ಯಾರೂ ಕೇಳಲಿಲ್ಲ ಮೇಡಂ. ವರ್ಷ ಬೇಕು ಅಂದ್ರೆ ಏನಂದುಕೊಳ್ತಾರೋ ಅಂತ ನಾನೇ ಅಂದುಬಿಟ್ಟೆ.”

ಪ್ರಾಮಾಣಿಕರೇ ಹೀಗೆ ಜಾಸ್ತಿ ಸಿಕ್ಕಿಬೀಳುವುದು. ಹಾಗಾಗಿ ಒಂದೇ ವಿಷಯವನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಳೆ ಬಾಕಿ ಬೇರೆ, ಈ ತಿಂಗಳ ಬಿಲ್ ಬೇರೆ. ಬಾಕಿ ತೀರಿಸುವ ತಿಂಗಳಲ್ಲೂ ಮನೆಯಲ್ಲಿ ಫ್ರಿಜ್ ಓಡುತ್ತದೆ, ನೀರು ಕಾಯುತ್ತದೆ. ಕಂತು ಕಟ್ಟಬೇಕಾದ್ದು ಆ ಬಿಲ್ಲಿನ ಬದಲಿಗೆ ಅಲ್ಲ, ಅದರ ಮೇಲೆ.

ಕೈಗೆ ಬರುವ ಹಣವನ್ನು 100 ಪಾಲು ಅಂದುಕೊಳ್ಳಿ. ಬಾಡಿಗೆ, ಊಟ, ಔಷಧಿ, ಓಡಾಟಕ್ಕೆ 85 ಹೋಯಿತು. ಉಳಿದದ್ದು 15. ಈ ತಿಂಗಳ ಕರೆಂಟಿಗೆ 9 ಬೇಕು. ಇನ್ನು 6 ಉಳಿಯಿತು. ಅದರಲ್ಲಿ 2 ಮುಟ್ಟಬೇಡಿ, ಮಗುವಿಗೆ ಜ್ವರ ಬಂದೀತು, ಚಪ್ಪಲಿ ಹರಿದೀತು. ಕಂತಿಗೆ ಸಿಗುವುದು 4. ಬಾಕಿ 48 ಪಾಲು ಇದ್ದರೆ, ಬಡ್ಡಿ ಬಿಟ್ಟು, 12 ತಿಂಗಳು. ಅದನ್ನೇ 3 ತಿಂಗಳಿಗೆ ಒಪ್ಪಿಕೊಂಡರೆ ತಿಂಗಳಿಗೆ 16, ಜೊತೆಗೆ ಬಿಲ್ಲಿನ 9. ಒಟ್ಟು 25. ಇರುವುದೇ 15! ಮೊದಲ ತಿಂಗಳೇ ಮುರಿಯುವ ಮಾತನ್ನು ಯಾಕೆ ಕೊಡಬೇಕು?

ಆ 9 ಅನ್ನುವ ಅಂಕಿಯನ್ನು ಅಂದಾಜಿನಲ್ಲಿ ಹಿಡಿಯಬೇಡಿ. ಹಿತವಾದ ಹವೆಯ ತಿಂಗಳ ಬಿಲ್ ನೋಡಿ ಲೆಕ್ಕ ಹಾಕಿದವರು ಚಳಿಗೋ ಸೆಕೆಗೋ ಸೋಲುತ್ತಾರೆ. ಸಿಕ್ಕರೆ 12 ತಿಂಗಳ ಬಿಲ್ ಕೂಡಿಸಿ ಭಾಗಿಸಿ. ಬಾಕಿಯ ಮೊತ್ತವನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. ಮೀಟರ್ ಓದದೆ ಸರಾಸರಿ ಹಿಡಿದು ಹಾಕಿದ ಬಿಲ್ಲುಗಳು ಇರುತ್ತವೆ. ಬಿಲ್ಲಿನ ರೀಡಿಂಗ್, ಮೀಟರಿನ ರೀಡಿಂಗ್ ಪಕ್ಕಪಕ್ಕ ಇಟ್ಟು ನೋಡಿ, ಫೋಟೋ ತೆಗೆದುಕೊಳ್ಳಿ. ನೋಡಿದ ಮೇಲೆ ಬಾಕಿ ಇಳಿಯಬಹುದು, ಏರಲೂಬಹುದು. ಎರಡಕ್ಕೂ ಸಿದ್ಧರಿರಿ.

ಇನ್ನು ಉಳಿತಾಯ. ಕೆಲವರು ಕತ್ತಲಲ್ಲಿ ಕೂರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. 9 ವಾಟಿನ ಎಲ್‌ಇಡಿ ಬಲ್ಬು 1 ಯೂನಿಟ್ ತಿನ್ನಲು 100 ಗಂಟೆಗೂ ಜಾಸ್ತಿ ಬೇಕು. 2,000 ವಾಟಿನ ಹೀಟರ್ ಅರ್ಧ ಗಂಟೆಯಲ್ಲಿ ಅದನ್ನು ಮುಗಿಸುತ್ತದೆ. ಬಿಸಿ ಮಾಡುವ ವಸ್ತುಗಳ ಮೇಲೆ ಕಣ್ಣಿಡಿ, ಬಲ್ಬನ್ನು ಸುಮ್ನೆ ಬಿಡಿ. ಆದರೆ ಸಣ್ಣ ಮಗು, ವಯಸ್ಸಾದವರು ಇರುವ ಮನೆಯಲ್ಲಿ ಚಳಿಗೆ ಬೇಕಾದ ಬಿಸಿಯನ್ನು ಕಡಿಮೆ ಮಾಡಿ ಅಂತ ನಾನು ಹೇಳುವುದಿಲ್ಲ. ಕರೆಂಟಿನಿಂದ ನಡೆಯುವ ವೈದ್ಯಕೀಯ ಯಂತ್ರ ಮನೆಯಲ್ಲಿದ್ದರೆ ಆ ವಿಷಯ ಕರೆಂಟ್ ಕಂಪನಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ.

ನಿಯಮಗಳು ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ಸಹಿ ಹಾಕುವ ಮುಂಚೆ ಕೇಳಿ: ಕಂತು ನಡೆಯುವಾಗ ಬಡ್ಡಿ ನಿಲ್ಲುತ್ತದೋ, ಓಡುತ್ತದೋ? ನಾನು ಕಟ್ಟಿದ್ದು ಹಳೆ ಬಾಕಿಗೆ ಜಮಾ ಆಗುತ್ತದೋ, ಹೊಸ ಬಿಲ್ಲಿಗೋ? ಪ್ರೀಪೇಯ್ಡ್ ಮೀಟರ್ ಆದರೆ ಪ್ರತಿ ರೀಚಾರ್ಜಿನಲ್ಲಿ ಬಾಕಿಗೆ ಎಷ್ಟು ಮುರಿದುಕೊಳ್ಳುತ್ತೀರಿ? ಉತ್ತರ ಕಾಗದದ ಮೇಲೆ ಬರಲಿ. ಬಾಯಿಮಾತು ಕೌಂಟರ್ ಬದಲಾದರೆ ಬದಲಾಗುತ್ತದೆ. ಮತ್ತೆ, ಈ ಬಾಕಿ ತೀರಿಸಲು ವಿಪರೀತ ಬಡ್ಡಿಗೆ ಸಾಲ ತರಬೇಡಿ. ಅಷ್ಟು ಸಾಕು.

ಚಾಲಕರ ಜೊತೆ ಕೂತು ಇದೇ ಲೆಕ್ಕವನ್ನು ಚೀಟಿಯಲ್ಲಿ ಬರೆದೆ. ಅವರು ಆ 4 ಪಾಲಿನ ಚೀಟಿ ಹಿಡಿದುಕೊಂಡು ಮತ್ತೆ ಕೌಂಟರಿಗೆ ಹೋದರು. ಸಂಜೆ ಫೋನ್ ಮಾಡಿದರು.

“12 ತಿಂಗಳು ಬೇಕು ಅಂದೆ ಮೇಡಂ.”

“ಏನಂದ್ರು?”

“ಏನೂ ಅನ್ನಲಿಲ್ಲ. ತಲೆ ಎತ್ತದೆ ಟೈಪ್ ಮಾಡಿಕೊಂಡ್ರು. ಆಮೇಲೆ ಮುಂದಿನವರನ್ನ ಕರೆದ್ರು.”