ಬಿತ್ತನೆ ಬೀಜಕ್ಕೆ ಬೇರೆ ಮಡಕೆ

ಬಾಗಲಕೋಟೆ ಜಿಲ್ಲೆಯ ಪತ್ತಿನ ಸಹಕಾರಿ ಸಂಘಗಳ ಕಂಪ್ಯೂಟರ್ ವ್ಯವಸ್ಥೆಯನ್ನು ಪರಿಶೀಲಿಸಲು ಹೋದಾಗ ನಾನು ಮೊದಲು ಕೇಳುವುದು ಬ್ಯಾಕಪ್, ಅಂದರೆ ಲೆಕ್ಕದ ಮೀಸಲು ಪ್ರತಿ, ಎಲ್ಲಿದೆ ಎಂದು. ಹೆಚ್ಚಿನ ಕಡೆ ಕಾರ್ಯದರ್ಶಿಗಳು ಸರ್ವರ್‌ಗೆ ಸದಾ ಜೋಡಿಸಿಟ್ಟ ಹಾರ್ಡ್ ಡಿಸ್ಕನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಅದರಿಂದ ಲೆಕ್ಕವನ್ನು ಮರಳಿ ತೆಗೆದು ನೋಡಿದ್ದು ಯಾವಾಗ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಸಂಘದಿಂದ ಸೋಮವಾರ ಬೆಳಿಗ್ಗೆ ಕರೆ ಬಂದಿತು. ಪಿಗ್ಮಿ ಏಜೆಂಟರು ವಸೂಲಿ ಹಣ ಜಮಾ ಮಾಡಲು ಕೌಂಟರಿನ ಮುಂದೆ ನಿಂತಿದ್ದರು. ಪರದೆಯ ಮೇಲೆ ಹಣ ಕೇಳುವ ಬರಹವೊಂದನ್ನು ಬಿಟ್ಟರೆ ಬೇರೆ ಯಾವ ಕಡತವೂ ತೆರೆಯುತ್ತಿರಲಿಲ್ಲ. ರ‍್ಯಾನ್ಸಮ್‌ವೇರ್ ಎಂಬ ಈ ಬಗೆಯ ತಂತ್ರಾಂಶ ಕಡತಗಳನ್ನು ಕದಿಯುವುದಕ್ಕಿಂತ ಮುಖ್ಯವಾಗಿ ಅವುಗಳಿಗೆ ಬೀಗ ಜಡಿದು ಕೀಲಿಗೆ ಬೆಲೆ ಕೇಳುತ್ತದೆ. ಹಾರ್ಡ್ ಡಿಸ್ಕಿನಲ್ಲಿದ್ದ ಬ್ಯಾಕಪ್‌ಗೂ ಬೀಗ ಬಿದ್ದಿತ್ತು, ಏಕೆಂದರೆ ಜೋಡಿಸಿಟ್ಟ ಡಿಸ್ಕ್ ಕಂಪ್ಯೂಟರಿಗೆ ಮತ್ತೊಂದು ಫೋಲ್ಡರ್ ಇದ್ದಂತೆ, ಅಷ್ಟೇ. ನಮ್ಮ ಭಾಗದ ಹಿರಿಯರು ಜೋಳ ತುಂಬಿಡುವ ನೆಲದೊಳಗಿನ ಹಗೇವು ಎಷ್ಟೇ ಭದ್ರವಾಗಿದ್ದರೂ ಬಿತ್ತನೆ ಬೀಜವನ್ನು ಅದರಲ್ಲಿ ಸುರಿಯದೆ, ಬೇವಿನ ಎಲೆ ಬೆರೆಸಿ ಬೇರೆ ಮಡಕೆಯಲ್ಲಿಡುತ್ತಿದ್ದರು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂದು ನಮ್ಮ ವೃತ್ತಿಯವರು ಹೇಳುವ ನಿಯಮದಲ್ಲಿ ಇದಕ್ಕಿಂತ ಹೊಸದೇನೂ ಇಲ್ಲ.

ಆ ಸಂಘವನ್ನು ಉಳಿಸಿದ್ದು ಅದೃಷ್ಟ. ಮಾರ್ಚ್ ಅಂತ್ಯದಲ್ಲಿ ಅಢಾವೆ ಪತ್ರಿಕೆ ತಯಾರಿಸಲು ಗುಮಾಸ್ತರೊಬ್ಬರು ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡಿದ್ದ ಲೆಕ್ಕದ ಒಂದು ಪ್ರತಿ ಅವರ ಮೇಜಿನ ಖಾನೆಯಲ್ಲಿತ್ತು. ಅಲ್ಲಿಂದ ಮುಂದಿನ ವ್ಯವಹಾರವನ್ನು ಮುದ್ರಿತ ಕಿರ್ದಿ ಹಾಳೆಗಳಿಂದ ಮತ್ತು ಏಜೆಂಟರ ರಸೀದಿ ಪುಸ್ತಕಗಳಿಂದ ರಾತ್ರಿ ಹಗಲು ಕುಳಿತು ಮರಳಿ ನಮೂದಿಸಬೇಕಾಯಿತು. ದಿನವಹಿ ಕಿರ್ದಿಯನ್ನು ಮುದ್ರಿಸುವುದು ಕಾಗದದ ದಂಡವೆಂದು ಅದೇ ಸಂಘಕ್ಕೆ ಹಿಂದೊಮ್ಮೆ ಬರೆದುಕೊಟ್ಟವನು ನಾನೇ.

ದಾಳಿಕೋರರು ಒಳಬಂದ ದಾರಿಯೂ ಸರಳವಾಗಿತ್ತು. ತಂತ್ರಾಂಶ ಪೂರೈಸಿದವರು ದೂರದಿಂದಲೇ ದುರಸ್ತಿ ಮಾಡಲು ತೆರೆದಿಟ್ಟಿದ್ದ ಸಂಪರ್ಕವನ್ನು ಯಾರೂ ಮುಚ್ಚಿರಲಿಲ್ಲ, ಅದರ ಪಾಸ್‌ವರ್ಡ್ ಸಂಘದ ಹೆಸರು ಮತ್ತು ಸ್ಥಾಪನೆಯ ವರ್ಷವಾಗಿತ್ತು. ಹೊರಗಿನವರಿಗೆ ಕೊಟ್ಟ ಕೀಲಿ ಎಷ್ಟು ದೊಡ್ಡ ಅಪಾಯವೆಂಬುದು 2024ರ ಜುಲೈ ಕೊನೆಯಲ್ಲಿ ದೇಶಕ್ಕೇ ತಿಳಿಯಿತು. ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ನೀಡುವ ಸಿ-ಎಡ್ಜ್ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ ಯುಪಿಐ ಮುಂತಾದ ಪಾವತಿ ವ್ಯವಸ್ಥೆಗಳನ್ನು ನಡೆಸುವ ಎನ್‌ಪಿಸಿಐ ಅದನ್ನು ತನ್ನ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ತಾವಾಗಿ ಯಾವ ತಪ್ಪನ್ನೂ ಮಾಡದ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರ ಪಾವತಿಗಳು ನಿಂತವು. ಆದ್ದರಿಂದ ದುರಸ್ತಿಯವರಿಗೆ ಸಂಪರ್ಕವನ್ನು ಕೆಲಸವಿದ್ದಾಗ ಮಾತ್ರ ತೆರೆದು, ಮುಗಿದೊಡನೆ ಮುಚ್ಚಬೇಕು. ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಲಾಗಿನ್ ಇರಬೇಕು, ರಾಜೀನಾಮೆ ಕೊಟ್ಟವರ ಲಾಗಿನ್ ಅಂದೇ ರದ್ದಾಗಬೇಕು. ತಂತ್ರಾಂಶದ ಪರಿಷ್ಕರಣೆಯನ್ನು ಮುಂದೂಡುವುದೂ ಸಲ್ಲದು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಎಂಬ ಬೀಗ ಜಡಿಯುವ ತಂತ್ರಾಂಶ ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ಪರಿಹಾರ ಬಿಡುಗಡೆ ಮಾಡಿತ್ತು.

ಸದಸ್ಯರ ಆಧಾರ್ ಪ್ರತಿಗಳ ವಿಷಯದಲ್ಲಿ ನಮ್ಮ ಸಂಘಗಳು ತೋರುವ ಉದಾರತೆ ನನಗೆ ಇನ್ನೂ ಅರ್ಥವಾಗಿಲ್ಲ. ಸಾಲದ ಅರ್ಜಿಯ ಫೋಟೋಗಳು ಶಾಖೆಯ ವಾಟ್ಸಾಪ್ ಗುಂಪಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಮೊದಲ 8 ಅಂಕಿಗಳನ್ನು ಮರೆಮಾಡಿದ ಆಧಾರ್ ಪ್ರತಿ ಸಾಕಾಗುವ ಕಡೆ ಅದನ್ನೇ ಪಡೆಯಬಹುದು. ಇಟ್ಟುಕೊಳ್ಳದ ಮಾಹಿತಿ ಕಳುವಾಗುವುದಿಲ್ಲ.

ದಾಳಿಯಾದದ್ದನ್ನು ಮುಚ್ಚಿಡುವ ಚಾಳಿಗೂ ಈಗ ಅವಕಾಶವಿಲ್ಲ. ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ತನಗೆ ತಿಳಿಸಬೇಕು, ವ್ಯವಸ್ಥೆಯಲ್ಲಿ ಯಾವಾಗ ಏನು ನಡೆಯಿತೆಂಬ 180 ದಿನಗಳ ಲಾಗ್ ದಾಖಲೆಗಳನ್ನು ಕಾಯ್ದಿಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ನೀಡಿದೆ. ವೈಯಕ್ತಿಕ ಮಾಹಿತಿಗೆ ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಹಣವೇ ವರ್ಗಾವಣೆಯಾಗಿದ್ದರೆ ಸಭೆ ಕರೆದು ಚರ್ಚಿಸುವ ಮೊದಲು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಆ ಮೊತ್ತ ಖಾತೆಯಿಂದ ಖಾತೆಗೆ ಜಾರುತ್ತದೆ.

ಆ ಸಂಘದಲ್ಲಿ ಈಗ ಎರಡು ಹಾರ್ಡ್ ಡಿಸ್ಕ್‌ಗಳಿವೆ. ಒಂದನ್ನು ಬ್ಯಾಕಪ್ ಮುಗಿದ ಕೂಡಲೇ ಬಿಡಿಸಿ ತಿಜೋರಿಯಲ್ಲಿಡುತ್ತಾರೆ, ಇನ್ನೊಂದು ವಾರಕ್ಕೊಮ್ಮೆ ಜಮಖಂಡಿಯ ಶಾಖೆಗೆ ಹೋಗುತ್ತದೆ. ತಿಂಗಳ ಮೊದಲ ಶನಿವಾರ ಜಾಲಕ್ಕೆ ಸೇರದ ಹಳೆಯ ಕಂಪ್ಯೂಟರೊಂದರಲ್ಲಿ ಬ್ಯಾಕಪ್ಪನ್ನು ಬಿಚ್ಚಿ ತಾಳೆಪಟ್ಟಿಯನ್ನು ಮುದ್ರಿಸಿ ಮೂಲದೊಂದಿಗೆ ಹೋಲಿಸುತ್ತಾರೆ. ಮೂರನೆಯ ತಿಂಗಳಲ್ಲಿ ಬಂಗಾರ ಸಾಲದ ಬಾಕಿ ತಾಳೆಯಾಗಲಿಲ್ಲ. ಹುಡುಕಿದಾಗ ಆ ವಿಭಾಗದ ಕಡತ ಎರಡು ವಾರಗಳಿಂದ ಬ್ಯಾಕಪ್ಪಿಗೆ ಸೇರಿಯೇ ಇರಲಿಲ್ಲ, ಪರದೆಯ ಮೇಲೆ ಮಾತ್ರ ಪ್ರತಿದಿನವೂ ಯಶಸ್ವಿ ಎಂದೇ ತೋರಿಸುತ್ತಿತ್ತು.