ದೀಕ್ಷಾಸ್ನಾನ ಆದವರಿಗೂ ದೆವ್ವ ಹಿಡಿಯುತ್ತದೆಯೇ?

ಪ್ರಶ್ನೆ: ಕರ್ತನ ನಾಮದಲ್ಲಿ ವಂದನೆಗಳು. ನಾವು ಮೂಲತಃ ಬೀದರ್ ಕಡೆಯವರು, ಈಗ ಮುಂಬೈ ಹತ್ತಿರದ ಕಲ್ಯಾಣದಲ್ಲಿದ್ದೇವೆ. ಅಜ್ಜನ ಕಾಲದಿಂದ ಮೆಥೋಡಿಸ್ಟ್ ಸಭೆಯವರು. ನನ್ನ ನಾದಿನಿಗೆ 19 ವರ್ಷ. ಕೆಲವು ತಿಂಗಳಿಂದ ರಾತ್ರಿ ಹೊತ್ತು ಮೈ ಸೆಟೆದುಕೊಂಡು ಬೀಳುತ್ತಾಳೆ, ಎಚ್ಚರವಾದ ಮೇಲೆ ಒಮ್ಮೊಮ್ಮೆ ಬೇರೆಯದೇ ದನಿಯಲ್ಲಿ ಮಾತಾಡುತ್ತಾಳೆ. ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ. ಅತ್ತೆಯವರು ಹೋಗುವ ಶುಕ್ರವಾರದ ಉಪವಾಸ ಪ್ರಾರ್ಥನೆಯ ಪೆಂಟೆಕೋಸ್ಟ್ ಪಾಸ್ಟರ್ ‘ಇದು ಅಶುದ್ಧಾತ್ಮದ ಕಾಟ, ಬಿಡುಗಡೆಯ ಪ್ರಾರ್ಥನೆ ಆಗಬೇಕು, ನಂಬಿಕೆ ಇದ್ದರೆ ಮಾತ್ರೆ ಬಿಡಿ’ ಎನ್ನುತ್ತಾರೆ. ನಮ್ಮ ಸಭಾಪಾಲಕರು ‘ದೀಕ್ಷಾಸ್ನಾನ ಆದ ಮಗುವಿಗೆ ದೆವ್ವ ಹಿಡಿಯುವುದಿಲ್ಲ’ ಎನ್ನುತ್ತಾರೆ. ಕೆಳಗಿನ ಮನೆಯ ಕ್ಯಾಥೊಲಿಕ್ ಆಂಟಿ ‘ಅದಕ್ಕೆಲ್ಲ ಬಿಷಪರ ಅಪ್ಪಣೆ ಬೇಕು’ ಎನ್ನುತ್ತಾರೆ. ಮೂವರೂ ಓದುವುದು ಅದೇ ಸತ್ಯವೇದ. ಯಾರ ಮಾತು ಕೇಳಬೇಕು?

ಉತ್ತರ: ಮಾತ್ರೆ ನಿಲ್ಲಿಸಬೇಡಿ. ದೇವಶಾಸ್ತ್ರ ಆಮೇಲೆ. ನೀವು ಬರೆದಿರುವುದನ್ನು ನೋಡಿದರೆ ಅದು ಮೂರ್ಛೆರೋಗದ ಮಾತ್ರೆ ಇರಬಹುದು. ಅಂಥ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಹಾಗೆ ಫಿಟ್ಸ್ ಹೆಚ್ಚಾದಾಗ ‘ನೋಡಿದಿರಾ, ಒಳಗಿರುವುದು ಎಂಥ ಬಲವಾದ ದೆವ್ವ’ ಎನ್ನಲು ಜನ ಅಲ್ಲೇ ಸಿದ್ಧವಾಗಿರುತ್ತಾರೆ.

ಇನ್ನು ನಿಮ್ಮ ಪ್ರಶ್ನೆ. ಮೂವರಲ್ಲಿ ಯಾರೂ ಬಾಯಿಗೆ ಬಂದದ್ದನ್ನು ಹೇಳಿಲ್ಲ. ಮೂರು ಮಾತಿನ ಹಿಂದೆಯೂ ಹಳೆಯ ವಾದಗಳಿವೆ. ಮತ್ತಾಯ, ಮಾರ್ಕ, ಲೂಕ ಈ ಮೂರು ಸುವಾರ್ತೆಗಳಲ್ಲಿ ಯೇಸು ದೆವ್ವ ಬಿಡಿಸಿದ ಪ್ರಸಂಗಗಳು ಮತ್ತೆ ಮತ್ತೆ ಬರುತ್ತವೆ. ಯೋಹಾನನ ಸುವಾರ್ತೆಯಲ್ಲಿ ಅಂಥದ್ದು ಒಂದೂ ಇಲ್ಲ. ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ದುರಾತ್ಮಗಳ ಸೇನೆಯೆದುರು ದೇವರ ಆಯುಧಗಳನ್ನು ತೊಟ್ಟು ನಿಲ್ಲಿ ಎಂಬ ಬೋಧೆ ಇದೆ. ಆದರೆ ಸಭೆಯಲ್ಲಿರುವ ವಿಶ್ವಾಸಿಗೇ ದೆವ್ವ ಹಿಡಿದರೆ ಹೀಗೆ ಬಿಡಿಸಿ ಎಂಬ ಸೂಚನೆಯನ್ನು ಯಾವ ಪತ್ರದಲ್ಲೂ ಹುಡುಕಿದರೆ ಸಿಗದು. ಸಭೆಗಳು ಜಗಳಾಡುತ್ತಿರುವುದು ಈ ಮೌನದ ಬಗ್ಗೆ.

ನಿಮ್ಮ ಸಭಾಪಾಲಕರ ಪಕ್ಷದವರು ವಿಶ್ವಾಸಿಯ ದೇಹ ಪವಿತ್ರಾತ್ಮನ ಆಲಯ ಎಂಬ ಪೌಲನ ಮಾತನ್ನು ಹಿಡಿಯುತ್ತಾರೆ. ಒಡೆಯನಿರುವ ಮನೆಗೆ ಇನ್ನೊಬ್ಬ ಬಂದು ಸೇರಿಕೊಳ್ಳುವುದು ಹೇಗೆ? ‘ನಿಮ್ಮಲ್ಲಿರುವಾತನು ಲೋಕದಲ್ಲಿರುವವನಿಗಿಂತ ದೊಡ್ಡವನು’ ಎಂಬ ಯೋಹಾನನ ಪತ್ರದ ವಚನವೂ ಅವರ ಕೈಯಲ್ಲಿದೆ. ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂಟೆಕೋಸ್ಟ್ ಪಂಥದವರೆಂದರೆ ಎಲ್ಲರೂ ದೆವ್ವ ಬಿಡಿಸುವವರೇ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಪೆಂಟೆಕೋಸ್ಟ್ ಸಭೆಗಳಲ್ಲೇ ಅತಿ ದೊಡ್ಡ ಬಳಗವಾದ ಅಸೆಂಬ್ಲೀಸ್ ಆಫ್ ಗಾಡ್, ಅಮೆರಿಕದಲ್ಲಿ 1972ರಷ್ಟು ಹಿಂದೆಯೇ, ಹೊಸದಾಗಿ ಹುಟ್ಟಿದ (ಎಂದರೆ ಯೇಸುವನ್ನು ನಂಬಿ ಹೊಸ ಜೀವ ಪಡೆದ) ವಿಶ್ವಾಸಿಗೆ ದೆವ್ವ ಹಿಡಿಯಲಾರದು ಎಂದು ಅಧಿಕೃತವಾಗಿ ಬರೆದು ಪ್ರಕಟಿಸಿತು. ಕ್ರೈಸ್ತರ ಮೈಯಿಂದಲೇ ದೆವ್ವ ಬಿಡಿಸುವ ಬೋಧಕರು ತಮ್ಮ ನಡುವೆ ಹೆಚ್ಚುತ್ತಿದ್ದದ್ದನ್ನು ಕಂಡು ಕೊಟ್ಟ ಉತ್ತರ ಅದು. ನಿಮ್ಮ ಅತ್ತೆಯವರ ಪಾಸ್ಟರ್ ತಮ್ಮ ಪಂಥದ ಹಿರಿಯರ ಒಂದು ದೊಡ್ಡ ಪಾಲನ್ನು ಎದುರು ಹಾಕಿಕೊಂಡೇ ಮಾತಾಡುತ್ತಿದ್ದಾರೆ ಎಂಬುದು ಅವರಿಗೆ ತಿಳಿದಿದೆಯೋ ಇಲ್ಲವೋ.

ಆದರೂ ಅವರ ಪಕ್ಷಕ್ಕೆ ಹುರುಳಿಲ್ಲ ಎನ್ನಲಾರೆ. ಲೂಕನ 13ನೇ ಅಧ್ಯಾಯದಲ್ಲಿ 18 ವರ್ಷ ನಡುಬಗ್ಗಿದ್ದ ಹೆಂಗಸನ್ನು ಯೇಸು ಅಬ್ರಹಾಮನ ಮಗಳು ಎಂದು ಕರೆಯುತ್ತಾನೆ, ಸೈತಾನನು ಕಟ್ಟಿಹಾಕಿದ್ದನು ಎಂದೂ ಹೇಳುತ್ತಾನೆ. ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯದ ಅನನೀಯನು ಸಭೆಯೊಳಗಿನವನೇ, ಅವನ ಹೃದಯವನ್ನು ಸೈತಾನನು ತುಂಬಿದನೆಂದು ಪೇತ್ರನು ಹೇಳುತ್ತಾನೆ. ಡೆರೆಕ್ ಪ್ರಿನ್ಸ್‌ರಂಥ ಬೋಧಕರು ಇಂಥ ವಚನಗಳ ಆಧಾರದ ಮೇಲೆ, ದೆವ್ವಕ್ಕೆ ವಿಶ್ವಾಸಿಯ ಮೇಲೆ ಒಡೆತನ ಇರುವುದಿಲ್ಲ, ಆದರೆ ಒಳಗಿಂದ ಕಾಟ ಕೊಡಬಲ್ಲದು ಎಂದು ಬೋಧಿಸಿದರು. ಮೆರಿಲ್ ಅಂಗರ್ ಎಂಬ ಅಮೆರಿಕದ ಪಂಡಿತರು 1952ರಲ್ಲಿ ‘ಹಿಡಿಯುವುದಿಲ್ಲ’ ಎಂದು ಬರೆದು, ಆಮೇಲೆ ಮಿಷನರಿಗಳಿಂದ ಬಂದ ಅನುಭವದ ವರದಿಗಳನ್ನು ಓದಿ ಅಭಿಪ್ರಾಯವನ್ನೇ ಬದಲಿಸಿದರು. ಅನುಭವವನ್ನು ಸಾಕ್ಷಿಯಾಗಿ ಎಷ್ಟು ನಂಬಬೇಕು ಎಂಬುದೇ ಇಲ್ಲಿನ ಗಂಟು.

ನಿಮ್ಮ ಸಭಾಪಾಲಕರಿಗೂ ಒಂದು ಮಾತು ನೆನಪಿಸಬಹುದು. ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1739ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಕಿಂಗ್ಸ್‌ವುಡ್‌ನ ಒಬ್ಬ ಹುಡುಗಿಯ ಬಳಿ ಕುಳಿತು ಪ್ರಾರ್ಥಿಸಿದ್ದನ್ನು ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಅದು ಬರೀ ರೋಗವೆಂದು ಅವರಿಗೆ ಅನ್ನಿಸಿರಲಿಲ್ಲ. 1788ರಲ್ಲಿ ಬ್ರಿಸ್ಟಲ್‌ನಲ್ಲಿ ಜಾರ್ಜ್ ಲೂಕಿನ್ಸ್ ಎಂಬವನಿಗಾಗಿ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಸಭೆಯ) ಪಾದ್ರಿಯೊಡನೆ ನಿಂತು ದೆವ್ವ ಬಿಡಿಸಲು ಪ್ರಾರ್ಥಿಸಿದವರು ವೆಸ್ಲಿಯ ಬೋಧಕರೇ. ‘ಇದೆಲ್ಲ ನಮ್ಮದಲ್ಲ’ ಎಂದು ಕೈಕೊಡವಿಕೊಳ್ಳಲು ಮೆಥೋಡಿಸ್ಟರಿಗೆ ಬರುವುದಿಲ್ಲ.

ಕೆಳಗಿನ ಮನೆಯ ಆಂಟಿ ಹೇಳಿದ್ದು ಅಕ್ಷರಶಃ ಸರಿ. ಕ್ಯಾಥೊಲಿಕ್ ಸಭೆ ದೆವ್ವವಿದೆ ಎಂದು ನಂಬುತ್ತದೆ, ಜ್ಞಾನಸ್ನಾನದ (ದೀಕ್ಷಾಸ್ನಾನಕ್ಕೆ ಅವರು ಹೇಳುವ ಹೆಸರು) ವಿಧಿಯಲ್ಲೇ ಚಿಕ್ಕ ಭೂತೋಚ್ಚಾಟನೆಯ ಪ್ರಾರ್ಥನೆ ಇದೆ. ಅದಾದವರಿಗೂ ಅಪರೂಪಕ್ಕೆ ಹಿಡಿಯಬಹುದು ಎಂದು ಒಪ್ಪುತ್ತದೆ. ಆದರೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಧರ್ಮಾಧ್ಯಕ್ಷರ, ಎಂದರೆ ಬಿಷಪರ, ಕೈಯಲ್ಲಿಟ್ಟಿದೆ. ಇವರಿಗೆ ದೆವ್ವ ಹಿಡಿದಿದೆ ಎಂದು ಸುಲಭವಾಗಿ ನಂಬಬಾರದು ಎಂದು 1614ರ ರೋಮನ್ ವಿಧಿಗ್ರಂಥವೇ ಗುರುಗಳಿಗೆ (ಪಾದ್ರಿಗಳಿಗೆ) ಎಚ್ಚರಿಕೆ ಕೊಟ್ಟಿದೆ. 1983ರ ಧರ್ಮಸಭಾ ಕಾನೂನಿನ 1172ನೇ ನಿಯಮದಂತೆ ಸ್ಥಳೀಯ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಇಲ್ಲದೆ ಯಾರೂ ಇದನ್ನು ಮಾಡುವಂತಿಲ್ಲ. ಪ್ರಾರ್ಥನಾ ಗುಂಪಿನ ಶ್ರೀಸಾಮಾನ್ಯರು ಆ ವಿಧಿಯ ಮಾತುಗಳನ್ನು ಬಳಸಬಾರದೆಂದು 1985ರಲ್ಲಿ ವ್ಯಾಟಿಕನ್ ಮತ್ತೆ ಪತ್ರ ಬರೆಯಿತು. ಹೊಸ ವಿಧಿ 1999ರಲ್ಲಿ ಬಂದಾಗಲೂ ವೈದ್ಯರ ಸಲಹೆಗೆ ಜಾಗ ಇಟ್ಟಿತು. ಸುಮ್ಮನೆ ಪ್ರಾರ್ಥಿಸಲು ಮಾತ್ರ ಯಾರ ಅಪ್ಪಣೆಯೂ ಬೇಡ. ಬುಧವಾರ ಮಾಹಿಮ್‌ನ ಚರ್ಚಿನ ನೊವೆನಾ ಪ್ರಾರ್ಥನೆಗೆ ಸಾಲುಗಟ್ಟಿ ನಿಲ್ಲುವ ಹಿಂದೂ, ಮುಸ್ಲಿಂ, ಕ್ರೈಸ್ತ ಮುಂಬೈಕರರಿಗೆ ಅದು ಗೊತ್ತು. ಅಂದಹಾಗೆ ಆ ಚರ್ಚು ಸೈತಾನನನ್ನು ತಳ್ಳಿದ ದೇವದೂತ ಮೈಕಲರ ಹೆಸರಿನದು.

ಇಷ್ಟು ಬಿಗಿ ಇದ್ದೂ ಅನಾಹುತ ಆಗಿದೆ. ಜರ್ಮನಿಯ ಕ್ಲಿಂಗನ್‌ಬರ್ಗ್‌ನ ಆನೆಲೀಸ್ ಮಿಶೆಲ್ ಎಂಬ ಕಾಲೇಜು ಹುಡುಗಿಗೆ ಮೂರ್ಛೆರೋಗ ಎಂದು ವೈದ್ಯರು ಹೇಳಿದ್ದರು. ಧರ್ಮಾಧ್ಯಕ್ಷರ ಅನುಮತಿ ಪಡೆದು ಇಬ್ಬರು ಗುರುಗಳು ಹತ್ತು ತಿಂಗಳ ಅವಧಿಯಲ್ಲಿ 67 ಸಲ ವಿಧಿ ನಡೆಸಿದರು. ಅಷ್ಟರಲ್ಲಿ ಚಿಕಿತ್ಸೆ ನಿಂತಿತ್ತು, ಊಟವೂ ನಿಂತಿತು. 1976ರ ಜುಲೈ 1ರಂದು ಸತ್ತಾಗ ಅವಳ ತೂಕ ಸುಮಾರು 31 ಕಿಲೋ. ವಯಸ್ಸು 23. ತಂದೆ ತಾಯಿ ಮತ್ತು ಆ ಗುರುಗಳನ್ನು ನ್ಯಾಯಾಲಯ 1978ರಲ್ಲಿ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರೆಂದು ತೀರ್ಮಾನಿಸಿತು. ಅವರಲ್ಲಿ ಯಾರೂ ಕಪಟಿಗಳಾಗಿರಲಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಅದೇ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಬಿಷಪರ ಪರವಾನಗಿ ಇಲ್ಲದೆ ಪಾದ್ರಿಗಳು ದೆವ್ವ ಬಿಡಿಸಬಾರದು ಎಂದು 1604ರಲ್ಲೇ ನಿಯಮವಾಗಿತ್ತು. ಆದರೂ 1974ರಲ್ಲಿ ಬಾರ್ನ್ಸ್‌ಲಿಯಲ್ಲಿ ರಾತ್ರಿಯಿಡೀ ದೆವ್ವ ಬಿಡಿಸಿಕೊಂಡು ಬೆಳಿಗ್ಗೆ ಮನೆಗೆ ಹೋದ ಗಂಡಸೊಬ್ಬ ಹೆಂಡತಿಯನ್ನು ಕೊಂದ. ಮರುವರ್ಷವೇ ಆ ಸಭೆ ವೈದ್ಯರ ಜೊತೆಗೂಡಿಯೇ ಈ ಸೇವೆ ನಡೆಯಬೇಕೆಂದು ಮಾರ್ಗಸೂಚಿ ತಂದಿತು.

ಇದಕ್ಕೆ ಎದುರಾಗಿ ನೆನೆಯಬೇಕಾದ ಹೆಸರು ಯೊಹಾನ್ ಕ್ರಿಸ್ಟೋಫ್ ಬ್ಲುಮ್‌ಹಾರ್ಟ್. ಮಂಗಳೂರು, ಧಾರವಾಡಗಳಿಗೆ ಪಾದ್ರಿಗಳನ್ನು ಕಳಿಸಿದ ಬಾಸೆಲ್ ಮಿಷನ್ನಿನ ಶಾಲೆಯಲ್ಲಿ 1830ರಿಂದ 1837ರವರೆಗೆ ಪಾಠ ಹೇಳುತ್ತಿದ್ದವರು ಅವರು. ಆಮೇಲೆ ಮಟ್ಲಿಂಗನ್ ಎಂಬ ಜರ್ಮನ್ ಹಳ್ಳಿಯಲ್ಲಿ ಪಾದ್ರಿಯಾದರು. ಅಲ್ಲಿ ಗಾಟ್ಲೀಬಿನ್ ಡಿಟ್ಟುಸ್ ಎಂಬ ಬಡ ಹುಡುಗಿಗಾಗಿ 1842 ಮತ್ತು 1843ರಲ್ಲಿ ಹೋರಾಡಿದರು. ಊರ ವೈದ್ಯರನ್ನು ದೂರ ಇಡಲಿಲ್ಲ. ಒಬ್ಬರೇ ಹೋಗದೆ ಸಾಕ್ಷಿಗಳನ್ನು ಜೊತೆಗಿಟ್ಟುಕೊಂಡರು. ಕಡೆಗೆ 1843ರ ಡಿಸೆಂಬರಿನಲ್ಲಿ ‘ಯೇಸುವೇ ಜಯಶಾಲಿ’ ಎಂಬ ಕೂಗಿನೊಡನೆ ಅದು ಮುಗಿಯಿತೆಂದು ಅವರೇ ಬರೆದಿದ್ದಾರೆ. ಅದು ದೆವ್ವವೋ ಮನಸ್ಸಿನ ಕಾಯಿಲೆಯೋ ಎಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ವಾದವೇ ಇಲ್ಲದ ಸಂಗತಿಯೆಂದರೆ, ಆ ಹುಡುಗಿ ಆಮೇಲೆ ಬ್ಲುಮ್‌ಹಾರ್ಟರ ಮನೆಯವಳೇ ಆಗಿ ಬಾಳಿದಳು. ನಮ್ಮ ಊರುಗಳಲ್ಲಿ ಬಿಡುಗಡೆಯಾದವರನ್ನು ಹೀಗೆ ಮನೆಗೆ ಸೇರಿಸಿಕೊಂಡ ಪಾಸ್ಟರ್‌ಗಳು ಎಷ್ಟು ಜನ ಸಿಕ್ಕಾರು?

ಧಾರಾವಿ ಕಡೆಯ ಇಕ್ಕಟ್ಟಾದ ಮಹಡಿ ಕೋಣೆಯಲ್ಲಿ ನಡೆಯುತ್ತಿದ್ದ ಇಂಥ ಒಂದು ಪ್ರಾರ್ಥನೆಯನ್ನು ಹತ್ತಿರದಿಂದ ನೋಡಿದ್ದೇನೆ. ನೆಲಕ್ಕೆ ಪ್ಲಾಸ್ಟಿಕ್ ಚಾಪೆ, ಮೂಲೆಯಲ್ಲಿ ಕೀಬೋರ್ಡ್, ಕಿಟಕಿಕಟ್ಟೆಯ ಮೇಲೆ ಅಭಿಷೇಕದ ಕೊಬ್ಬರಿ ಎಣ್ಣೆಯ ಬಾಟಲಿ. ಹೆಂಗಸೊಬ್ಬಳ ತಲೆಗೂದಲು ಬಿಚ್ಚಿಹೋಗಿ ಮೈ ತೂಗತೊಡಗಿತು. ಯಲ್ಲಮ್ಮನ ಜಾತ್ರೆ ಕಂಡ ನಮ್ಮ ಜನರಿಗೆ ಆ ತೂಗು ಹೊಸದಲ್ಲ. ಪಾಸ್ಟರ್ ಮೈಕ್ ಹಿಡಿದು ಗದರಿಸಿ ಕೇಳಿದರು: ‘ನೀನು ಯಾರು? ನಿನ್ನನ್ನು ಕಳಿಸಿದವರು ಯಾರು? ಹೆಸರು ಹೇಳು!’ ಬಹಳ ಹೊತ್ತು ಒತ್ತಾಯಿಸಿದ ಮೇಲೆ ಒಂದು ಹೆಸರು ಬಂತು. ಅದು ಆ ಹೆಂಗಸಿನ ಸೋದರತ್ತೆಯದು. ಕೂತವರೆಲ್ಲ ‘ಹಲ್ಲೆಲೂಯ’ ಎಂದರು. ಅಂದಿನಿಂದ ಆ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿದೆ.

ಸೈತಾನನು ಸುಳ್ಳಿಗೆ ಮೂಲಪುರುಷ ಎಂದು ಯೋಹಾನನ 8ನೇ ಅಧ್ಯಾಯ ಹೇಳುತ್ತದೆ. ಹಾಗಿದ್ದ ಮೇಲೆ ಅವನ ಕಡೆಯವರು ಮೈಕಿನಲ್ಲಿ ಹೇಳಿದ ಹೆಸರನ್ನು ನಂಬುವುದು ಯಾವ ನಂಬಿಕೆ? ಮಾರ್ಕನ ಮೊದಲ ಅಧ್ಯಾಯದಲ್ಲಿ ಯೇಸು ದೆವ್ವಗಳಿಗೆ ಬಾಯಿ ಬಿಡಲು ಅವಕಾಶವನ್ನೇ ಕೊಡುವುದಿಲ್ಲ. ಮಾರ್ಕನ 5ನೇ ಅಧ್ಯಾಯದಲ್ಲಿ ದೆವ್ವಗಳ ದಂಡೇ ಹಿಡಿದಿದ್ದ ಗೆರಸೇನರ ಸೀಮೆಯವನ ಹತ್ತಿರ ಹೆಸರು ಕೇಳಿದ್ದುಂಟು, ಮಾಟ ಮಾಡಿಸಿದವರು ಯಾರೆಂದು ಕೇಳಿದ್ದು ಎಲ್ಲೂ ಇಲ್ಲ. ಆ ಕಥೆಯನ್ನು ಇನ್ನೊಮ್ಮೆ ಓದಿ. ಅವನಿಗೆ ಸಂಕೋಲೆ, ಬೇಡಿ ಹಾಕಿದವರು ಊರಿನವರು. ಯೇಸು ಅವನನ್ನು ಕಟ್ಟಲಿಲ್ಲ, ಹೊಡೆಯಲಿಲ್ಲ, ಮಾತಿನಲ್ಲೇ ಮುಗಿಸಿದ. ಅವನು ಬಟ್ಟೆ ತೊಟ್ಟು ಸ್ವಸ್ಥಬುದ್ಧಿಯಿಂದ ಕೂತಿದ್ದನ್ನು ಕಂಡಾಗಲೇ ಊರವರಿಗೆ ಹೆದರಿಕೆಯಾಯಿತು.

ನಿಮ್ಮ ನಾದಿನಿಗೆ ಇನ್ನೂ ಹತ್ತಿರವಾದದ್ದು ಮಾರ್ಕನ 9ನೇ ಅಧ್ಯಾಯದ ಹುಡುಗ. ನೊರೆ ಸುರಿಸುತ್ತಾನೆ, ಹಲ್ಲು ಕಡಿಯುತ್ತಾನೆ, ಸೆಟೆದುಕೊಳ್ಳುತ್ತಾನೆ, ಬೆಂಕಿಗೂ ನೀರಿಗೂ ಬೀಳುತ್ತಾನೆ. ಇಂದಿನ ಯಾವ ವೈದ್ಯರಾದರೂ ಇದನ್ನು ಮೂರ್ಛೆರೋಗ ಎನ್ನುತ್ತಾರೆ. ಸುವಾರ್ತೆ ದೆವ್ವ ಎನ್ನುತ್ತದೆ. ಎರಡರಲ್ಲಿ ಒಂದನ್ನೇ ಆರಿಸಬೇಕೆನ್ನುವ ಕ್ರೈಸ್ತರಿದ್ದಾರೆ, ಒಂದೇ ನೋವಿನ ಎರಡು ಮುಖ ಎನ್ನುವವರೂ ಇದ್ದಾರೆ. ಆದರೆ ಮತ್ತಾಯನ 4ನೇ ಅಧ್ಯಾಯ ದೆವ್ವ ಹಿಡಿದವರನ್ನೂ ಮೂರ್ಛೆರೋಗಿಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ, ಆದ್ದರಿಂದ ಬೀಳುವವರೆಲ್ಲ ದೆವ್ವದವರು ಎನ್ನಲು ಸತ್ಯವೇದದಲ್ಲೇ ಆಧಾರವಿಲ್ಲ. ಮಾರ್ಕನಲ್ಲಿ ಯೇಸು ಹುಡುಗನ ತಂದೆಯನ್ನು ಮೊದಲು ಕೇಳುವ ಪ್ರಶ್ನೆ: ಇವನಿಗೆ ಇದು ಬಂದು ಎಷ್ಟು ಕಾಲವಾಯಿತು? ಮುಂಬೈಯ ಕೆಇಎಂ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೂ ಮೊದಲು ಕೇಳುವುದು ಇದನ್ನೇ.

ಕಾನೂನಿನ ಮಾತು ಚಿಕ್ಕದು. 2013ರ ಆಗಸ್ಟ್ 20ರಂದು ಪುಣೆಯಲ್ಲಿ, ಮೂಢನಂಬಿಕೆಯ ವಿರುದ್ಧ ಹೋರಾಡುತ್ತಿದ್ದ ಡಾ. ನರೇಂದ್ರ ದಾಭೋಲ್ಕರ್ ಅವರ ಕೊಲೆಯಾಯಿತು. ಅದರ ಬೆನ್ನಿಗೇ ಸುಗ್ರೀವಾಜ್ಞೆಯಾಗಿ ಬಂದು ಅದೇ ವರ್ಷ ಅಂಗೀಕಾರವಾದ ಮಹಾರಾಷ್ಟ್ರದ ಮಾಟಮಂತ್ರ ವಿರೋಧಿ ಕಾಯಿದೆ, ದೆವ್ವ ಬಿಡಿಸುವ ನೆಪದಲ್ಲಿ ಕಟ್ಟುವುದು, ಹೊಡೆಯುವುದು, ಕೂದಲು ಕೀಳುವುದು, ಮೆಣಸಿನಕಾಯಿ ಹೊಗೆ ಹಾಕುವುದು ಇವೆಲ್ಲವನ್ನೂ ಅಪರಾಧವೆನ್ನುತ್ತದೆ. ಆರು ತಿಂಗಳಿಂದ ಏಳು ವರ್ಷದವರೆಗೆ ಜೈಲು. ಮೈಗೆ ಪೆಟ್ಟು, ಕಾಸಿಗೆ ನಷ್ಟ ಮಾಡದ ಪ್ರಾರ್ಥನೆ ಮನೆಯಲ್ಲಾಗಲಿ ಚರ್ಚಿನಲ್ಲಾಗಲಿ ನಡೆದರೆ ಅದಕ್ಕೆ ಅಡ್ಡಿಯಿಲ್ಲ.

ಈಗ ನೀವು ಮಾಡಬಹುದಾದದ್ದು. ಬೇರೆಯ ದನಿಯಲ್ಲಿ ಮಾತಾಡುತ್ತಾಳೆ ಎಂಬುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ ಅವರಿಗೆ ತೋರಿಸಿ, ನೆಂಟರಿಗೆ ಮಾತ್ರ ಕಳಿಸಬೇಡಿ. ನರರೋಗದವರ ಜೊತೆ ಮನೋವೈದ್ಯರನ್ನೂ ಕಾಣಬೇಕಾಗಬಹುದು. ಮೊದಲು ಕನ್ನಡದಲ್ಲೇ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416, ಹಣ ಕೊಡಬೇಕಿಲ್ಲ. ಅತ್ತೆಯವರ ಪ್ರಾರ್ಥನೆಯನ್ನು ಜರೆಯಬೇಡಿ, ಮಗಳ ಮೇಲಿನ ಸಂಕಟದಿಂದಲೇ ಅವರು ಉಪವಾಸ ಕೂರುತ್ತಿದ್ದಾರೆ. ಪ್ರಾರ್ಥನೆ ಮನೆಯಲ್ಲೇ ಆಗಲಿ, ಹುಡುಗಿ ಒಪ್ಪಿದರೆ ಮಾತ್ರ ಆಗಲಿ, ಅವಳು ಸಾಕು ಎಂದ ಕೂಡಲೇ ನಿಲ್ಲಲಿ. ಅವಳ ಮುಂದೆ ಯಾರೂ ದೆವ್ವದ ಜೊತೆ ಮಾತಿಗಿಳಿಯಬಾರದು. ಪಾಸ್ಟರ್ ಬಂದರೆ ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಇದರ ಮೇಲೂ ಕೈಯಿಟ್ಟು ಪ್ರಾರ್ಥಿಸಿ ಎಂದು ಕೇಳಿ. ಒಪ್ಪುವ ಪಾಸ್ಟರ್‌ಗಳು ಮುಂಬೈಯಲ್ಲಿ ಇದ್ದಾರೆ. ಇವರು ಒಪ್ಪದಿದ್ದರೆ ಶುಕ್ರವಾರದ ಕೂಟಕ್ಕೆ ಅತ್ತೆಯವರೊಬ್ಬರೇ ಹೋಗಿಬರಲಿ, ಹುಡುಗಿ ಮನೆಯಲ್ಲಿರಲಿ.